ಒಬ್ಬನೇ ದೊರೆಯ ಕಾಗದ

ಎಂಬತ್ತರ ದಶಕದ ನಡುವೆ ಅಮೆರಿಕದ ಸಾಂಟಾ ಕ್ಲಾರಾದ ಒಂದು ಮಷೀನ್ ಶಾಪಿನಲ್ಲಿ ನಾನು ಲೇತ್ ನಡೆಸುತ್ತಿದ್ದೆ. ಓದಿದ್ದು ಏಳನೇ ಕ್ಲಾಸು. ಕೆಲಸ ಕಲಿತದ್ದು ಮಂಡ್ಯದ ಒಂದು ವರ್ಕ್‌ಶಾಪಿನಲ್ಲಿ. ನಮ್ಮ ಸೂಪರ್‌ವೈಸರು ಅರವತ್ತರ ಹತ್ತಿರದ ಬಿಳಿಯ. ಕಾಗದಪತ್ರ ಕೇಳದೆ, ಒಂದು ಷಾಫ್ಟ್ ಕಡೆಸಿ ನೋಡಿ ನನ್ನನ್ನು ಸೇರಿಸಿಕೊಂಡಿದ್ದ. ಆಯುಧಪೂಜೆಯ ದಿನ ಲೇತಿಗೆ ಕುಂಕುಮ ಇಟ್ಟರೆ ಕಂಡೂ ಕಾಣದವನಂತೆ ಹೋಗುತ್ತಿದ್ದ. ಸಿಟ್ಟು ಬಂದರೆ ನಿಂತ ಕಾಲಲ್ಲೇ ಮನೆಗೆ ಕಳಿಸುವವನೂ ಅವನೇ.

ಆಮೇಲೆ ದೊಡ್ಡ ಕಂಪನಿಯೊಂದು ಶಾಪನ್ನು ಕೊಂಡಿತು. ಹೈಸ್ಕೂಲು ಮುಗಿಸಿದ ಸರ್ಟಿಫಿಕೇಟನ್ನು ಎಲ್ಲರೂ ಬೇಸಿಗೆಯೊಳಗೆ ಕೊಡಬೇಕು, ಇಲ್ಲದವರಿಗೆ ಕೆಲಸವಿಲ್ಲ ಎಂದು ನೋಟೀಸು ಬಂತು.

"ನಾನು ಮಾತಾಡ್ತೀನಿ ಬಿಡು" ಎಂದು ಸೂಪರ್‌ವೈಸರು ಹೆಡ್ಡಾಫೀಸಿಗೆ ಫೋನು ಮಾಡಲು ಹೋದ. ವಾಪಸು ಬಂದವನು ನನ್ನ ಮುಖ ನೋಡಲಿಲ್ಲ.

ವಯಸ್ಕರ ಶಾಲೆಗೆ ಸೇರಿದೆ. ಲೆಕ್ಕ, ಇಂಗ್ಲಿಷು ಹೇಗೋ ಮುಗಿದವು. ಉಳಿದದ್ದು ಚರಿತ್ರೆ, ಅದೂ ಹಳೇ ಕಾಲದ ಯುರೋಪಿನ ದೊರೆಗಳದ್ದು. ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳೇ ಶನಿವಾರ ಬೆಳಿಗ್ಗೆ ನನಗೆ ಮೇಷ್ಟ್ರು.

"ಅಪ್ಪ, ಫ್ರಾನ್ಸ್ ಕಿಂಗ್ ತುಂಬಾ ವೀಕು. ಅವನ ಮಾತು ಯಾರೂ ಕೇಳಲ್ಲ. ದ ಡ್ಯೂಕ್ಸ್ ಆರ್ ದ ಬಾಸ್."

"ಪಾಳೇಗಾರ್ರು ಅನ್ನು. ಕಪ್ಪ ಕೊಟ್ರೆ ಕೊಟ್ರು, ಇಲ್ದಿದ್ರೆ ಇಲ್ಲ."

"ವಾಟೆವರ್. ಇಂಗ್ಲೆಂಡ್ ಕಿಂಗ್ ಊರೂರಿಗೂ ತನ್ನ ಜಡ್ಜನ್ನೇ ಕಳಿಸ್ತಾನೆ. ಎಲ್ರಿಗೂ ಒಂದೇ ಲಾ. ಬೆಟರ್, ರೈಟ್?"

"ನಮ್ಮ ಹೆಡ್ಡಾಫೀಸಿನ ಥರ."

"ಅಪ್ಪ, ಕಾನ್ಸಂಟ್ರೇಟ್."

ಪರೀಕ್ಷೆಯಲ್ಲಿ ಅದನ್ನೇ ಕೇಳಿದ್ದರು: ಈ ಎರಡರಲ್ಲಿ ಸಾಮಾನ್ಯ ರೈತನಿಗೆ ಯಾವುದು ಒಳ್ಳೆಯದು? ಒಂದೇ ಕಾನೂನು ಒಳ್ಳೆಯದೇ ಎಂದು ಪುಸ್ತಕದಲ್ಲಿ ಇದ್ದಂತೆ ಬರೆದೆ. ಕೊನೆಗೆ ತಡೆಯಲಾರದೆ ಒಂದು ಸಾಲು ಸೇರಿಸಿದೆ: ಪಾಳೇಗಾರನಾದರೆ ಅವನ ಬಾಗಿಲಿಗೆ ಹೋಗಿ ಕೈಮುಗಿಯಬಹುದು, ದೂರದ ದೊರೆಯ ಬಾಗಿಲು ಎಲ್ಲಿದೆ ಎಂದೇ ರೈತನಿಗೆ ಗೊತ್ತಿರುವುದಿಲ್ಲ. ಆ ಸಾಲಿಗೇ ಫೇಲು ಮಾಡಿಯಾರು ಎಂದು ಮೂರು ವಾರ ಹೆದರಿದೆ.

ಪಾಸಾಯಿತು. ಸರ್ಟಿಫಿಕೇಟು ಕೊಡಲು ಆಫೀಸಿಗೆ ಹೋದರೆ, ಬಾಗಿಲ ಹೊರಗೆ ಸೂಪರ್‌ವೈಸರು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ:

"ನಾನೂ ಸ್ಕೂಲು ಮುಗಿಸಿದವನಲ್ಲ. ನೀನು ಊಟದ ಹೊತ್ತಲ್ಲಿ ಓದ್ತಿದ್ದ ಆ ಚರಿತ್ರೆ ಪುಸ್ತಕ ಇನ್ನೂ ಇದೆಯಾ?"

"ಮಗಳದು. ನಾಳೆ ತರ್ತೀನಿ."

ಟೋಪಿ ಹಿಡಿದು ನಿಂತ ಅವನನ್ನು ಕಂಡು ಆದಷ್ಟು ಭಯ ಅವನು ಬೈದಾಗಲೂ ನನಗೆ ಆಗಿರಲಿಲ್ಲ. ಸರ್ಟಿಫಿಕೇಟು ಹಿಡಿದು ನಾನೊಬ್ಬನೇ ಆ ಬಾಗಿಲು ದಾಟಿದೆ.