ಝುಂಬಾರರ ಲೆಕ್ಕದಲ್ಲಿ ಎರಡು

ರತ್ನಪ್ರಭಾ ಒಂದು ಧರ್ಮವನ್ನು ಹುಟ್ಟುಹಾಕಿದ್ದು ತಮ್ಮ ಅರವತ್ತೊಂದನೆಯ ವಯಸ್ಸಿನಲ್ಲಿ, ದೆಹಲಿಯ ದ್ವಾರಕಾದ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ಅವರೆಕಾಯಿ ಬಿಡಿಸುತ್ತ. ಅದಕ್ಕೆ ಹನ್ನೊಂದು ದಿನ ಹಿಡಿಯಿತು. ಲೋಕದ ಉಳಿದ ಧರ್ಮಗಳಿಗೆ ಹೋಲಿಸಿದರೆ ಇದು ಬಲು ಬೇಗ. ಆದರೆ ಅವರು ಕೈಗೆತ್ತಿಕೊಂಡ ಯಾವ ಕೆಲಸವೂ ಎಂದೂ ಗಡುವು ದಾಟಿದ್ದಿಲ್ಲ.

ಮೂವತ್ನಾಲ್ಕು ವರ್ಷ ಅವರು ಕೇಂದ್ರ ಸರ್ಕಾರದ ಒಂದು ಅಂಕಿಅಂಶಗಳ ಕಚೇರಿಯಲ್ಲಿದ್ದರು. ದೇಶದ ಎಲ್ಲ ಜಿಲ್ಲೆಗಳಿಂದ ಬರುವ ಕೋಷ್ಟಕಗಳನ್ನು ಅಡ್ಡಕ್ಕೆ ಕೂಡಿ, ಉದ್ದಕ್ಕೆ ಕೂಡಿ, ಎರಡೂ ಮೊತ್ತ ತಾಳೆಯಾದರೆ ಕೆಂಪು ಶಾಯಿಯಲ್ಲಿ ಸಹಿ ಹಾಕುವುದು ಅವರ ಕೆಲಸ. ಕೋಳಿ ಎಷ್ಟು, ಕೆರೆ ಎಷ್ಟು, ಕುಲುಮೆ ಎಷ್ಟು. ಹೊಸದಾಗಿ ಸೇರಿದವರಿಗೆ ಅವರು ಕಲಿಸುತ್ತಿದ್ದ ಮೊದಲ ಪಾಠ, ಸೊನ್ನೆಗೂ ಅಡ್ಡಗೆರೆಗೂ ಇರುವ ವ್ಯತ್ಯಾಸ. ಕೋಷ್ಟಕದ ಮನೆಯಲ್ಲಿ ಸೊನ್ನೆ ಇದ್ದರೆ ಯಾರೋ ಹೋಗಿ ನೋಡಿ ಬಂದಿದ್ದಾರೆ, ಅಲ್ಲಿ ಏನೂ ಇರಲಿಲ್ಲ ಎಂದರ್ಥ. ಅಡ್ಡಗೆರೆ ಇದ್ದರೆ ಯಾರೂ ಹೋಗಿಯೇ ಇಲ್ಲ. ಯಾರಾದರೂ ಸೋಮಾರಿತನಕ್ಕೆ ಒಂದನ್ನು ಇನ್ನೊಂದರ ಜಾಗದಲ್ಲಿ ಬರೆದರೆ ರತ್ನಪ್ರಭಾ ಇಡೀ ಹಾಳೆಯನ್ನು ವಾಪಸ್ ಕಳಿಸುತ್ತಿದ್ದರು. ಕಣ್ಣಂದಾಜಿನ ಒಂದು ಅಂಕಿಯೂ ಅವರ ಸಹಿಯ ಕೆಳಗೆ ದಾಟಿಹೋಗಲಿಲ್ಲ. ಕಚೇರಿಯಲ್ಲಿ ಹಿಂದಿನಿಂದ ಅವರನ್ನು ಏನೆಂದು ಕರೆಯುತ್ತಿದ್ದರೋ ಬಿಡಿ, ಅದು ಇಲ್ಲಿ ಬೇಡ.

ಮದುವೆಯಾಗಲಿಲ್ಲ. ಅದರ ಹಿಂದೆ ಕಣ್ಣೀರಿನ ಕಥೆಯೇನೂ ಇಲ್ಲ. ತಂಗಿಯರದ್ದು ಮುಗಿಯುವ ಹೊತ್ತಿಗೆ ಇವರದ್ದು ಎಲ್ಲರಿಗೂ ಮರೆತುಹೋಗಿತ್ತು, ಇವರಿಗೂ ಸೇರಿ. ನಿವೃತ್ತಿಯ ದಿನ ಕೊಟ್ಟ ಗೋಡೆಗಡಿಯಾರವನ್ನು ತಂದು ತೂಗುಹಾಕಿದರು. ಎರಡು ಕುರ್ಚಿ ಕೊಂಡರು. ಒಂದರಲ್ಲಿ ತಾವು ಕೂತರು. ಇನ್ನೊಂದರ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷ ಕಳೆದರೂ ತೆಗೆದಿರಲಿಲ್ಲ.

ಹೀಗಿರುವಾಗ, ಎರಡು ಸಾವಿರದ ಏಳರ ಚಳಿಗಾಲದಲ್ಲಿ, ತಂಗಿಯ ಮಗಳು ಮಯೂರಿ ಗುರಗಾಂವ್‌ನಿಂದ ಫೋನು ಮಾಡಿದಳು. ಅವಳದ್ದು ಕಂಪ್ಯೂಟರ್ ಆಟಗಳನ್ನು ತಯಾರಿಸುವ ಕಂಪನಿ. ಹೊಸ ಆಟದಲ್ಲಿ ಝುಂಬಾರರು ಎಂಬ ಜನ ಇದ್ದಾರೆ. ಅವರಿಗೆ ಬಟ್ಟೆ ಬರೆದಾಗಿದೆ, ಕತ್ತಿ ಬರೆದಾಗಿದೆ, ಆರು ಕಾಲಿನ ಕುದುರೆಯೂ ಸಿದ್ಧವಾಗಿದೆ, ಧರ್ಮವೊಂದು ಬಾಕಿ. ಆಟದ ಬಾಗಿಲುಗಳೆಲ್ಲ ಸಂಖ್ಯೆಗಳಿಂದ ತೆರೆಯುವುದರಿಂದ ಅವರ ಮತದಲ್ಲಿ ಪ್ರತಿ ಸಂಖ್ಯೆಗೂ ಒಂದು ಅರ್ಥ ಇರಬೇಕು. ಸಂಖ್ಯೆ ಎಂದ ಕೂಡಲೇ ಅವಳಿಗೆ ದೊಡ್ಡಮ್ಮ ನೆನಪಾದರು.

ರತ್ನಪ್ರಭಾ ಮೊದಲು ರೇಗಿದರು. ಸುಳ್ಳು ಅಂಕಿ ಬರೆಯಲು ತನಗೆ ಬರುವುದಿಲ್ಲ ಎಂದರು. ಸುಳ್ಳು ಅಂಕಿ ಬೇಡ, ನಿಜವಾದ ಅಂಕಿಗೆ ಕಟ್ಟುಕಥೆ ಸಾಕು ಎಂದು ಮಯೂರಿ ಪುಸಲಾಯಿಸಿದಳು. ಫೋನಿಟ್ಟ ಮೇಲೆ ಅವರು ಕಚೇರಿಯ ಕಾಲದ ಉದ್ದ ರಿಜಿಸ್ಟರ್ ಒಂದನ್ನು ಹುಡುಕಿ, ಮೇಲೆ ಕೆಂಪು ಶಾಯಿಯಲ್ಲಿ 'ಝುಂಬಾರ ಮತದಲ್ಲಿ ಸಂಖ್ಯೆಗಳ ಅರ್ಥ' ಎಂದು ಬರೆದರು. ಒಂದು ಎಂದರೆ ಕಾಯುವವರು, ಯಾಕೆಂದರೆ ಅದರ ಪಕ್ಕದಲ್ಲಿ ಇನ್ನೂ ಯಾರೂ ಬಂದಿಲ್ಲ. ಎರಡು ಎಂದರೆ ಜಗಳ, ಒಬ್ಬರೇ ಜಗಳವಾಡಲು ಆಗದು. ಮೂರು ಅತಿಥಿ. ಐದು ಕಳ್ಳರ ಸಂಖ್ಯೆ, ಕದಿಯುವ ಕೈಗೆ ಬೆರಳು ಅಷ್ಟೇ ಇರುವುದರಿಂದ. ಆರು ಎಂದರೆ ತೆರೆಯುವ ಬಾಗಿಲು. ಏಳು ದೇವರದ್ದು, ಬಾಯಲ್ಲಿ ಹೇಳಕೂಡದು. ಝುಂಬಾರ ಮಕ್ಕಳು 'ಆರು, ಅದಾದದ್ದು, ಎಂಟು' ಎಂದು ಎಣಿಕೆ ಕಲಿಯುತ್ತಾರೆ. ಎಂಟು ಎಂದರೆ ತಲೆಯ ಮೇಲಿನ ಗುಡುಗು. ಇದನ್ನು ಬರೆಯುವಾಗ ನಾಲ್ಕನೇ ಮಹಡಿಯಲ್ಲಿ ದಿನದಂತೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಇಡ್ಲಿ ಹಿಟ್ಟಿನ ಗ್ರೈಂಡರ್ ತಿರುಗಲು ಶುರುವಾಗಿತ್ತು. ಒಂಬತ್ತು ಎಂದರೆ ಇನ್ನೇನು ಆಗಿಯೇಬಿಟ್ಟಿತು ಎಂಬಲ್ಲಿ ನಿಂತ ಕೆಲಸ, ಅಂದರೆ ಸರ್ಕಾರಿ ಕಡತ. ಎಲ್ಲಕ್ಕಿಂತ ಪವಿತ್ರ ಸೊನ್ನೆ. ಅದಕ್ಕೆ ಒಂದು ಇಡೀ ಪುಟ ಕೊಟ್ಟು, ಅಡ್ಡಗೆರೆ ಎಂಥ ಪಾಪ ಎಂಬುದನ್ನೂ ಖಾರವಾಗಿಯೇ ಬರೆದರು. ಹನ್ನೊಂದನೆಯ ದಿನ ಅವರಿಗೆ ಬೇಜಾರಾಯಿತು. ಇಷ್ಟು ಬೇಗ ಮುಗಿಯಬಾರದಿತ್ತು.

ಮಯೂರಿ ಜೆರಾಕ್ಸ್ ಮಾಡಿಸಿಕೊಂಡು ಹೋದಳು. ಮೂಲ ರಿಜಿಸ್ಟರ್ ಮೇಜಿನ ಮೇಲೇ ಉಳಿಯಿತು. ಅಲ್ಲೇ ಎಡವಟ್ಟಾಯಿತು.

ಮೇಲಿನ ಮನೆಯ ಸ್ನೇಹಲತಾ ಒಂದು ಮಧ್ಯಾಹ್ನ, ತಪ್ಪಿ ತನ್ನ ಡಬ್ಬಿಗೆ ಬಿದ್ದ ಇವರ ಅಂಚೆಯನ್ನು ಕೊಡಲು ಬಂದಳು. ಉಡುಪಿ ಕಡೆಯವಳು, ಗಂಡ ಸುಕೇಶ್ ಸೆಕ್ಟರ್ ಮಾರ್ಕೆಟ್ಟಿನಲ್ಲಿ ದೋಸೆ ಹೋಟೆಲು ನಡೆಸುತ್ತಿದ್ದ. ನಾಲ್ಕು ವರ್ಷದಲ್ಲಿ ಇಬ್ಬರ ನಡುವೆ ಮೆಟ್ಟಿಲಲ್ಲಿ ಸಿಕ್ಕಾಗ ಒಂದು ನಗೆ, ಅಷ್ಟೇ. ಅಂಚೆ ಮೇಜಿನ ಮೇಲಿಡುವಾಗ ಅವಳ ಕಣ್ಣು ಕೆಂಪು ಶಾಯಿಗೆ ಬಿತ್ತು. ನಿಂತೇ ಎರಡು ಪುಟ ಓದಿದಳು. ಆಮೇಲೆ ಪ್ಲಾಸ್ಟಿಕ್ ಹೊದಿಕೆಯ ಕುರ್ಚಿಯನ್ನು ಎಳೆದು, ಕೂತು, ಇದು ಯಾವ ಕಾಲದ ಶಾಸ್ತ್ರ ಎಂದು ಕೇಳಿದಳು.

ಉತ್ತರ ರತ್ನಪ್ರಭಾರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಕುರ್ಚಿಯಲ್ಲಿ ಒಬ್ಬರು ಕೂತಿದ್ದರು. ಅಲ್ಲಿ ಯಾರಾದರೂ ಕೂತದ್ದು ಅದೇ ಮೊದಲು. ಬಹಳ ಹಳೆಯದೇ ಇರಬೇಕು ಎಂದುಬಿಟ್ಟರು, ಮತ್ತೆ ಟೀ ಮಾಡುತ್ತೇನೆಂದು ಎದ್ದು ಒಳಗೆ ಹೋದರು. ಮುಖ ಬಿಸಿಯಾಗಿತ್ತು.

ಆ ವಾರ ಅವರ ವಸತಿ ಸೊಸೈಟಿಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಚೀಟಿ ಎತ್ತಿದರು. ದ್ವಾರಕಾದ ಸೊಸೈಟಿಗಳಲ್ಲಿ ಫ್ಲ್ಯಾಟಿನಿಂದ ಹಿಡಿದು ಎಲ್ಲದಕ್ಕೂ ಚೀಟಿಯೇ. ಜನರ ಅದೃಷ್ಟವನ್ನು ಸ್ಟೀಲಿನ ಡಬ್ಬಿಯಲ್ಲಿ ಕುಲುಕಿ ಹಂಚುತ್ತಾರೆ. ಸ್ನೇಹಲತಾಳಿಗೆ ಆರನೇ ನಂಬರು ಬಂತು. ಮಾರನೆಯ ದಿನ, ಮಳೆಗಾಲದಿಂದ ಜಾಮಾಗಿ ಕೂತಿದ್ದ ಅವಳ ಬಾಲ್ಕನಿಯ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ಚಳಿಗೆ ಮರ ಕುಗ್ಗುತ್ತದೆ ಎಂಬುದು ಸೊಸೈಟಿಯಲ್ಲಿ ಯಾರಿಗೂ ತೋಚಲಿಲ್ಲ. ಸುದ್ದಿ ಮೆಟ್ಟಿಲಿಳಿದು, ಪಾರ್ಕು ಸುತ್ತಿ, ತರಕಾರಿ ಭಯ್ಯಾನ ಗಾಡಿಯವರೆಗೂ ಹೋಯಿತು. ಅದೇ ಸೊಸೈಟಿಯಿಂದ ಮಾನೇಸರ್ ಕಾರ್ಖಾನೆಗೆ ಹೋಗುವ ಯೋಗೀಶ ಹೊಸ ಮೊಬೈಲ್ ನಂಬರಿನಲ್ಲಿ ಐದು ಎಷ್ಟು ಸಲ ಬರಬಹುದು ಎಂದು ಕೇಳಲು ಬಂದ. ಸ್ನೇಹಲತಾಳಂತೂ ದಿನಾ ಬಂದಳು, ಒಮ್ಮೊಮ್ಮೆ ಪ್ರಶ್ನೆಯೇ ಇಲ್ಲದೆ, ಕೆಸುವಿನೆಲೆಯ ಪತ್ರೊಡೆ ಹಿಡಿದುಕೊಂಡು. ಕುರ್ಚಿಯ ಪ್ಲಾಸ್ಟಿಕ್ ಒಂದು ದಿನ ಹರಿದುಹೋಯಿತು. ರತ್ನಪ್ರಭಾ ಅದನ್ನು ಮಡಚಿ ಕಸಕ್ಕೆ ಹಾಕುವಾಗ ಏನೋ ಗುನುಗುತ್ತಿದ್ದರು. ನಿಜ ಹೇಳಬೇಕೆಂದರೆ ಅವರು ಸುಖವಾಗಿದ್ದರು, ಮತ್ತು ಹೆದರಿದ್ದರು.

ಮಾರ್ಚ್ ಮೊದಲ ಭಾನುವಾರ ಸ್ನೇಹಲತಾಳ ಮಗಳು ಮೋನಿಷಾ ಒಬ್ಬಳೇ ಇಳಿದು ಬಂದಳು. ಅವಳಿಗೂ ಪವನ್ ಎಂಬ ಹುಡುಗನಿಗೂ ನಿಶ್ಚಿತಾರ್ಥವಾಗಿ, ಮದುವೆ ಏಪ್ರಿಲ್‌ನಲ್ಲಿ ಎಂದು ಗೊತ್ತಾಗಿತ್ತು. ಅತ್ತು ಮೂಗು ಕೆಂಪಾಗಿತ್ತು. "ಆಂಟಿ, ಪವನ್ ಫ್ಲ್ಯಾಟ್ ನಂಬರ್ ಟ್ವೆಂಟಿ ಟೂ. ಮಮ್ಮಿ ಬೋಲ್ ರಹೀ ಹೈ, ಎರಡರ ಪಕ್ಕ ಎರಡು, ಡಬಲ್ ಜಗಳ. ಅವರು ಮನೆ ಚೇಂಜ್ ಮಾಡದಿದ್ರೆ ಶಾದಿ ಬೇಡ ಅಂತ," ಎಂದಳು. ಪವನ್‌ನ ತಾಯಿ ಸಿಟ್ಟಾಗಿ, ಹಾಗಾದರೆ ಮದುವೆಯೇ ಬೇಡ ಎನ್ನುವ ಹಂತಕ್ಕೆ ಬಂದಿದ್ದರು.

ರತ್ನಪ್ರಭಾ ಮಯೂರಿಗೆ ಫೋನು ಮಾಡಿದರು. ಅವಳು ನಕ್ಕು, ಅದಕ್ಕೇನಂತೆ ದೊಡ್ಡಮ್ಮ, ಇನ್ನೊಂದು ನಿಯಮ ಸೇರಿಸಿ ಎಂದಳು. ಎರಡರ ಪಕ್ಕದಲ್ಲಿ ಎರಡು ಬಂದರೆ ಜಗಳ ಜಗಳವನ್ನೇ ತಿಂದು ಮುಗಿಸುತ್ತದೆ ಎಂದು ಬರೆದರೆ ಆಯಿತು. ಎಷ್ಟು ಸುಲಭ. ಒಂದು ಸಾಲು. ಮದುವೆ ಉಳಿಯುತ್ತದೆ, ಕುರ್ಚಿಯೂ ಖಾಲಿಯಾಗುವುದಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು. ಕೆಂಪು ಪೆನ್ನು. ಅದರಿಂದ ಮೂವತ್ನಾಲ್ಕು ವರ್ಷ ಎಷ್ಟು ಜನರ ಹಾಳೆ ವಾಪಸ್ ಕಳಿಸಿದ್ದೆ ಎಂದು ನೆನಪಾಗಿ, ಮುಚ್ಚಳ ಹಾಕಿ, ರಿಜಿಸ್ಟರ್ ಕಂಕುಳಿಗೆ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದರು.

ಸ್ನೇಹಲತಾ ತೆಂಗಿನಕಾಯಿ ತುರಿಯುತ್ತಿದ್ದಳು. ರತ್ನಪ್ರಭಾ ನಿಂತೇ ಎಲ್ಲವನ್ನೂ ಹೇಳಿದರು: ಝುಂಬಾರರು ಎಂಬ ಜನ ಭೂಮಿಯ ಮೇಲಿಲ್ಲ, ಇದು ಮಕ್ಕಳ ಆಟಕ್ಕೆ ಬರೆದದ್ದು, ಬರೆದವಳು ನಾನು. ತುರಿಯುವುದು ನಿಂತಿತು.

"ನಾನು ಪುಸ್ತಕ ನೋಡಿ ನಂಬಿದ್ದಲ್ಲ ರತ್ನಕ್ಕ," ಎಂದಳು ಸ್ನೇಹಲತಾ. "ನೀವು ಸುಳ್ಳು ಹೇಳುವವರಲ್ಲ ಅಂತ ನಂಬಿದ್ದು."

ರತ್ನಪ್ರಭಾ ಕೆಳಗಿಳಿದು ಬಂದರು.

ಮದುವೆಯ ಮಾತುಕತೆ ಮತ್ತೆ ಸರಿಯಾಯಿತು ಎಂಬುದು ಅವರಿಗೆ ತರಕಾರಿ ಗಾಡಿಯ ಬಳಿ ತಿಳಿಯಿತು. ಬಾಗಿಲಿನ ಬೆಲ್ ಮಾತ್ರ ಬಡಿಯಲಿಲ್ಲ. ಯೋಗೀಶ ಲಿಫ್ಟಿನಲ್ಲಿ ಸಿಕ್ಕರೆ ಮೊಬೈಲ್ ನೋಡುತ್ತಿದ್ದ. ರತ್ನಪ್ರಭಾ ದಿನಾ ಬೆಳಿಗ್ಗೆ ಎಂಟಕ್ಕೆ ತಲೆಯ ಮೇಲೆ ತಿರುಗುವ ಗ್ರೈಂಡರಿಗೆ ಕಿವಿಗೊಟ್ಟು ಕೂತಿರುತ್ತಿದ್ದರು. ಅದು ನಿಂತ ಮೇಲೆ ಮನೆ ತುಂಬ ಗೋಡೆಗಡಿಯಾರದ ಸದ್ದು. ಮಾಡಿದ್ದು ಸರಿ ಎಂದು ಗೊತ್ತಿದ್ದರೂ ಸಂಕಟ ಕಡಿಮೆಯಾಗಲಿಲ್ಲ.

ಹನ್ನೆರಡನೆಯ ದಿನ ಬೆಲ್ ಬಡಿಯಿತು. ಸ್ನೇಹಲತಾ ಒಂದು ಹಾಳೆ ಹಿಡಿದು ಬಾಗಿಲ ಹೊರಗೇ ನಿಂತಿದ್ದಳು. ಮದುವೆಯೂಟಕ್ಕೆ ಬಾಳೆಎಲೆ ದಕ್ಷಿಣದಿಂದ ರೈಲಿನಲ್ಲಿ ಬರಬೇಕು, ಹೆಚ್ಚುಕಡಿಮೆ ಆಗುವ ಹಾಗಿಲ್ಲ, ಅದಕ್ಕೆ ಯಾವ ಮನೆಯವರಿಗೆ ಎಷ್ಟು ಎಲೆ ಎಂದು ಬರೆದುಕೊಳ್ಳುತ್ತಿದ್ದೇನೆ ಎಂದು ಹಾಳೆಗೆ ಹೇಳುವಂತೆ ಹೇಳಿದಳು. ಮೇಜಿನಾಚೆಯ ಕೋಷ್ಟಕಗಳನ್ನು ತಲೆಕೆಳಗಾಗಿ ಓದಿ ರತ್ನಪ್ರಭಾರಿಗೆ ಅಭ್ಯಾಸ. ಒಂದು ಮನೆಯ ಮುಂದೆ ನಾಲ್ಕು, ಒಂದರ ಮುಂದೆ ಆರು. ಮುನ್ನೂರ ನಾಲ್ಕು, ಅವರ ಮನೆ. ಅದರ ಮುಂದೆ ಒಂದು ಅಡ್ಡಗೆರೆ.

"ಸೊನ್ನೆ ಹಾಕು ಸ್ನೇಹಾ, ಬೇಜಾರಿಲ್ಲ," ಎಂದರು ರತ್ನಪ್ರಭಾ. "ಗೆರೆ ಮಾತ್ರ ಬಿಡಬೇಡ."

ಸ್ನೇಹಲತಾ ಸೊನ್ನೆಯ ಆ ಇಡೀ ಪುಟವನ್ನು ಓದಿದ್ದವಳು. ಹಾಳೆಯನ್ನು ಗೋಡೆಗೆ ಒತ್ತಿಹಿಡಿದು, ಗೆರೆಯನ್ನು ಚೆನ್ನಾಗಿ ಹೊಡೆದುಹಾಕಿ, ಪಕ್ಕದಲ್ಲಿ ಎರಡು ಎಂದು ಬರೆದಳು.

ಒಬ್ಬಳಿಗೆ ಎರಡು ಎಲೆ ಯಾಕೆ ಎಂದು ರತ್ನಪ್ರಭಾ ಕೇಳಿದರು. ಮೊತ್ತ ತಪ್ಪುತ್ತದಲ್ಲ.

"ಪಕ್ಕದ ಎಲೆ ನನ್ನದು. ಹೆಣ್ಣಿನ ತಾಯಿಗೆ ಊಟ ಸಿಗುವುದು ಕೊನೆಯ ಪಂಕ್ತಿಯಲ್ಲಿ, ಅಲ್ಲಿವರೆಗೆ ನೀವು ಕಾಯಬೇಕು. ಎರಡು ಅಂದರೆ ಜಗಳ ಅಂತ ಬರೆದವರು ನೀವೇ. ನನ್ನದು ಇನ್ನೂ ಮುಗಿದಿಲ್ಲ."

ಹೇಳಿದವಳು ಒಳಗೆ ಬಂದು ತನ್ನ ಕುರ್ಚಿ ಎಳೆದುಕೊಂಡು ಕೂತಳು. ರತ್ನಪ್ರಭಾ ಅಡುಗೆಮನೆಯಲ್ಲಿ ಟೀಗೆ ನೀರಿಟ್ಟು, ಕಣ್ಣೊರೆಸಿಕೊಂಡು, ಎರಡು ಲೋಟ ತೊಳೆಯುತ್ತಿದ್ದಾಗ ಹೊರಕೋಣೆಯಿಂದ ಜಗಳ ಶುರುವಾಯಿತು.

"ಅಲ್ಲ ರತ್ನಕ್ಕ, ಎಂಟು ಅಂದರೆ ತಲೆಯ ಮೇಲಿನ ಗುಡುಗು ಅಂತ ಬರೆದಿದ್ದೀರಿ. ನಿಮ್ಮ ತಲೆಯ ಮೇಲೆ ಇರುವುದು ಯಾರು, ಸ್ವಲ್ಪ ಹೇಳಿ ನೋಡುವಾ."