ಬಾಣ ನಿಂತ ಜಾಗ

ಹಿನ್ನೀರಿನ ಸುತ್ತ ಜಲ್ಲಿ ದಾರಿಯಲ್ಲಿ ಸೈಕಲ್ ಹೊಡೆಯಲು ಬರುವ ಪೇಟೆಯವರಿಗೆ ರಿಪೇರಿ ಮಾವನ ಮೇಲೆ ಒಂದು ಗುಮಾನಿ ಇತ್ತು. ಗುಮಾನಿ ಏನು ಬಂತು, ಮುಖಕ್ಕೆ ಮುಖ ಕೊಟ್ಟೇ ಹೇಳುತ್ತಿದ್ದರು. "ಏನ್ ಮಾವ, ಈ ದಡದಲ್ಲಿ ಹೋದ್ರೂ ಕಲ್ಲಿನ ಮೇಲಿನ ಬಾಣ ನಿಮ್ಮ ಅಂಗಡಿ ಕಡೆಗೇ ತೋರಿಸುತ್ತೆ, ಆ ದಡದಲ್ಲಿ ಹೋದ್ರೂ ನಿಮ್ಮ ಅಂಗಡಿ ಕಡೆಗೇ ತೋರಿಸುತ್ತೆ. ಹೊರಟ ತಕ್ಷಣ ವಾಪಸ್ ಹೋಗು ಅನ್ನೋ ಬಾಣ ಎಲ್ಲಾದ್ರೂ ಉಂಟಾ? ವ್ಯಾಪಾರಕ್ಕೆ ಒಳ್ಳೇ ತಲೆ ಓಡಿಸಿದ್ದೀರಿ." ರಿಪೇರಿ ಮಾವ ಪಂಕ್ಚರ್ ಆದ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ಅಂತ ನೋಡುತ್ತ, "ಹೂಂ, ಹೊಟ್ಟೆಪಾಡು" ಅನ್ನುತ್ತಿದ್ದ. ನಗುವವರು ನಗಲಿ, ಅವರ ಗಂಟೇನು ಹೋಗುತ್ತದೆ. ಆ ಬಾಣಗಳನ್ನು ಅವನು ಬರೆದದ್ದು ಹೆಂಡತಿಗೋಸ್ಕರ.

ಅವಳು ಆ ಜಲಾಶಯದ ಅಳತೆಯವಳು. ನೀರಿನಲ್ಲಿ ಅಲ್ಲಲ್ಲಿ ನೆಟ್ಟ ಅಳತೆ ಕಂಬಗಳನ್ನು ಬೆಳಿಗ್ಗೆ ಬೆಳಿಗ್ಗೆ ಸೈಕಲ್ ಮೇಲೆ ಹೋಗಿ ನೋಡಿ, ನೀರು ಎಲ್ಲಿಗೆ ಬಂದಿದೆ ಅಂತ ಅಣೆಕಟ್ಟಿನ ಗೇಟಿನ ಆಫೀಸಿಗೆ ಫೋನ್ ಮಾಡಿ ಹೇಳುವುದು ಅವಳ ಕೆಲಸ. ಹರೆಯದಲ್ಲಿ ಒಮ್ಮೆ ಚೈನು ತುಂಡಾದ ಸೈಕಲ್ ತಳ್ಳಿಕೊಂಡು ಇವನ ಅಂಗಡಿಗೆ ಬಂದಳು. ಇವನು ಚೈನು ಹಾಕಿಕೊಟ್ಟ. ಮಾರನೆಯ ವಾರ ಬ್ರೇಕು, ಅದರ ಮಾರನೆಯ ವಾರ ಬೆಲ್ಲು. ಅಷ್ಟು ಬೇಗ ಬೇಗ ಹಾಳಾಗುವ ಸೈಕಲ್ಲು ಲೋಕದಲ್ಲಿ ಇರಲಿಕ್ಕಿಲ್ಲ ಅಂತ ಇಬ್ಬರಿಗೂ ಗೊತ್ತಾದ ಮೇಲೆ ಮದುವೆಯಾದರು.

ದಾರಿಯ ತಿರುವುಗಳಿಗೆಲ್ಲ ಹೆಸರಿಟ್ಟವಳೂ ಅವಳೇ. ಗಡಗಡ ಅನ್ನುವ ಏರುತಗ್ಗಿನ ದಾರಿಗೆ "ಹಲ್ಲು ಸಡಿಲ". ಹಕ್ಕಿಗಳು ಮೊಟ್ಟೆ ಇಡುವ ಜೊಂಡಿನ ತಿರುವಿಗೆ "ಬಾಯ್ಮುಚ್ಚು". ಹತ್ತಿದಷ್ಟೂ ಮುಗಿಯದ ಏರಿಗೆ "ಅತ್ತೆ ಮುನಿಸು". ಪೇಟೆಯವರು ಇವತ್ತಿಗೂ ಫೋನಿನ ಮ್ಯಾಪಿನಲ್ಲಿ ಅವೇ ಹೆಸರು ಹಾಕಿಕೊಂಡು ಬರುತ್ತಾರೆ. ಇಟ್ಟವಳು ಯಾರು ಅಂತ ಕೇಳಿದವರು ಒಬ್ಬರೂ ಇಲ್ಲ.

ಒಂದು ದಿನ ಗೇಟಿನ ಆಫೀಸಿನವರು ರಿಪೇರಿ ಮಾವನಿಗೇ ಫೋನ್ ಮಾಡಿದರು. "ಅಕ್ಕ ನಿನ್ನೆಯ ಅಳತೆಯನ್ನೇ ಇವತ್ತೂ ಹೇಳ್ತಿದ್ದಾರೆ. ಮೊನ್ನೆಯೂ ಹಾಗೇ ಮಾಡಿದ್ರು." ಆಮೇಲೆ ಸಾರಿನ ಸೌಟು ಸ್ಪ್ಯಾನರ್ ಡಬ್ಬಿಯಲ್ಲಿ ಸಿಕ್ಕಿತು. ಅದಕ್ಕೆ ಇಬ್ಬರೂ ಹೊಟ್ಟೆ ತುಂಬ ನಕ್ಕರು. ಆಮೇಲೊಂದು ಸಲ ಕವಲು ದಾರಿಯಲ್ಲಿ ದಿಕ್ಕು ತಪ್ಪಿ, ಎಲ್ಲೋ ಇಟ್ಟಿಗೆ ಭಟ್ಟಿಯ ಹತ್ತಿರ ಸೈಕಲ್ ಹಿಡಿದು ಅಳುತ್ತ ನಿಂತಿದ್ದಳು. ಆವತ್ತು ನಗು ಬರಲಿಲ್ಲ. ಡಾಕ್ಟರು ತಲೆಯ ಫೋಟೋ ತೆಗೆಸಿ, ಇದು ಕಮ್ಮಿ ಆಗುವ ಮರೆವಲ್ಲ, ಹೆಚ್ಚಾಗುವ ಮರೆವು ಅಂದರು. ಇನ್ನೂ ತಲೆಯಲ್ಲಿ ಬಿಳಿ ಕೂದಲು ಸರಿಯಾಗಿ ಮೂಡದವಳಿಗೆ ಇಂಥದ್ದೊಂದು ಬರಬೇಕೆ. ಆಫೀಸಿನವರು ಬೇರೆಯವರನ್ನು ನೇಮಿಸಿಕೊಂಡರು. ಅವಳಿಗೆ ಅದೂ ಮರೆತುಹೋಗುತ್ತಿತ್ತು. ಬೆಳಿಗ್ಗೆ ಎದ್ದವಳೇ ಸೈಕಲ್ ಹೊರಗೆ ತೆಗೆಯುತ್ತಿದ್ದಳು.

ಅವಳ ಅಕ್ಕ ಒಂದು ದಿನ ಬರುತ್ತಲೇ ಒಂದು ಬೀಗ ತಂದಳು. "ಸೈಕಲ್‌ಗೆ ಹಾಕಿಬಿಡಪ್ಪ. ನೀರಿನ ಪಕ್ಕ ಓಡಾಡೋ ಜೀವ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರಬೇಕಾಗುತ್ತೆ."

"ಸೈಕಲ್ ಕಿತ್ಕೊಂಡ್ರೆ ಅವಳಲ್ಲಿ ಏನುಳಿಯುತ್ತೆ ಅಕ್ಕ?"

"ಉಸಿರು ಉಳಿಯುತ್ತೆ. ಸಾಲದಾ?"

ಅಕ್ಕ ಕೆಟ್ಟವಳಲ್ಲ. ತಂಗಿಯನ್ನು ಎತ್ತಿ ಆಡಿಸಿದವಳು, ಹೊಟ್ಟೆಯ ಸಂಕಟ ಬಾಯಲ್ಲಿ ಬಂತು. ರಿಪೇರಿ ಮಾವ ಬೀಗ ತೆಗೆದುಕೊಂಡು ಗೋಡೆಯ ಮೊಳೆಗೆ ನೇತುಹಾಕಿದ. "ಇನ್ನೊಂದು ಸಲ ದಾರಿ ತಪ್ಪಿದ್ರೆ ನನ್ನ ಕೈಯಾರೆ ಹಾಕ್ತೀನಿ. ಅಲ್ಲಿವರೆಗೆ ಬಿಡಿ" ಅಂದ.

ಮಾರನೆಯ ದಿನದಿಂದ ಮನೆಗೆ ಅಂಟಿಕೊಂಡಿದ್ದ ಅಂಗಡಿಗೆ ಅರ್ಧ ಬಾಗಿಲು. ಸುಣ್ಣಕ್ಕೆ ಅಂಟು ಕಲಸಿ, ಡಬ್ಬಿಯನ್ನು ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೊರಟ. ಬಾಣವನ್ನು ಕಂಬದ ಮೇಲೆ, ಮರದ ಮೇಲೆ ಬರೆದರೆ ಪ್ರಯೋಜನವಿಲ್ಲ. ಜಲ್ಲಿಯಲ್ಲಿ ಸೈಕಲ್ ಹೊಡೆಯುವವರು ತಲೆ ಎತ್ತಿ ನೋಡುವುದೇ ಇಲ್ಲ, ಕಣ್ಣೆಲ್ಲ ಮುಂದಿನ ಚಕ್ರದ ಮುಂದಿನ ನೆಲದ ಮೇಲೆ. ಅದಕ್ಕೆ ದಾರಿಯಂಚಿನ ಕಲ್ಲುಗಳ ಮೇಲೆ ಬರೆದ. ಅವಳು ಯಾವ ದಡದಲ್ಲಿದ್ದರೂ ಹತ್ತಿರದ ದಾರಿಯಲ್ಲಿ ಮನೆಗೆ ಬರಬೇಕು, ಅಷ್ಟೇ ಲೆಕ್ಕ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯಿತು. ಕೊನೆಯ ಬಾಣ ಮನೆಯ ಮುಂದಿನ ತಿರುವಿನಲ್ಲಿ. ಗೇಟಿಗೆ ಬರೆಯಲಿಲ್ಲ. ಮನೆ ಮುಂದೆ ಬಂದು ನಿಂತವಳಿಗೆ ಇದು ಮನೆ ಅಂತ ಬೇರೆ ಹೇಳಬೇಕೆ ಅಂದುಕೊಂಡು, ಉಳಿದ ಸುಣ್ಣವನ್ನು ಗೋಡೆಯ ಬುಡಕ್ಕೆ ಚೆಲ್ಲಿ, ಬ್ರಶ್ಶು ತೊಳೆದಿಟ್ಟ.

ಬಾಣ ಕೆಲಸ ಮಾಡಿತು. ಅವಳು ದಿನಾ ಹೋಗುತ್ತಿದ್ದಳು, ದಿನಾ ಬರುತ್ತಿದ್ದಳು. ಬಂದವಳು ಬಯ್ಯುತ್ತಿದ್ದಳು ಬೇರೆ. "ರೀ ಗ್ರೀಸು ಸಾಹೇಬ್ರೇ, ಯಾರ್ರೀ ಅದು ಕಲ್ಲಿಗೆಲ್ಲ ಸುಣ್ಣ ಮೆತ್ತಿರೋದು? ಬಾಣಾನೋ ಕೋಳಿ ಕಾಲೋ ಒಂದೂ ಗೊತ್ತಾಗಲ್ಲ." ಅವನು, "ಯಾರೋ ಕೆಲಸವಿಲ್ಲದವರು ಕಣೇ" ಅನ್ನುತ್ತಿದ್ದ. ಆ ಬೈಗುಳ ಕೇಳಿದ ದಿನ ಅವನಿಗೆ ಊಟ ರುಚಿಸುತ್ತಿತ್ತು. ಅಕ್ಕ ಫೋನ್ ಮಾಡಿದಾಗ, "ಬೀಗ ಮೊಳೆಯ ಮೇಲೇ ಇದೆ, ತುಕ್ಕು ಹಿಡೀತಾ ಇದೆ" ಅಂತ ಜಂಬದಿಂದ ಹೇಳುತ್ತಿದ್ದ.

ಆವತ್ತು ಮಧ್ಯಾಹ್ನವಾದರೂ ಅವಳ ಪತ್ತೆಯಿಲ್ಲ. ಇವನು ಚಕ್ರ ನೇರ ಮಾಡುತ್ತ ಕೂತಿದ್ದರೂ ಕಣ್ಣೆಲ್ಲ ತಿರುವಿನ ಮೇಲೆ. ಇನ್ನು ಹುಡುಕಲು ಹೊರಡಬೇಕು ಅಂತ ಏಳುವುದಕ್ಕೂ ಜಲ್ಲಿಯ ಮೇಲೆ ಟೈರಿನ ಸದ್ದು ಕೇಳುವುದಕ್ಕೂ ಸರಿಹೋಯಿತು. ಅವಳೇ. ಕೊನೆಯ ಬಾಣ ನೋಡಿಕೊಂಡು ತಿರುಗಿ, ಗೇಟಿನ ಎದುರಿಗೆ ಬಂದು ಬ್ರೇಕ್ ಹಿಡಿದಳು. ಅವನಿಗೆ ಜೀವ ಬಂದ ಹಾಗಾಯಿತು.

ಅವಳು ಸೈಕಲ್ ಇಳಿಯಲಿಲ್ಲ. ಒಂದು ಕಾಲು ನೆಲಕ್ಕೆ ಊರಿ ಆ ಕಡೆ ಈ ಕಡೆ ನೋಡಿದಳು. ಮನೆ ನೋಡಿದಳು, ಅಂಗಡಿ ನೋಡಿದಳು, ಇವನನ್ನು ನೋಡಿದಳು.

"ಅಣ್ಣಾ, ಇಲ್ಲಿವರೆಗೆ ಬಾಣ ಇತ್ತು. ಇಲ್ಲಿಂದ ಮುಂದಕ್ಕೆ ಕಾಣ್ತಾ ಇಲ್ಲ. ನಮ್ಮ ಮನೆಗೆ ಯಾವ ಕಡೆ ಹೋಗಬೇಕು?"

ದಾರಿಯಲ್ಲಿ ಸಿಕ್ಕ ಅಪರಿಚಿತನನ್ನು ಯಾವ ಹೆಣ್ಣುಮಗಳಾದರೂ ಅಣ್ಣ ಅನ್ನುತ್ತಾಳೆ, ತಪ್ಪೇನಿಲ್ಲ. ಆದರೆ ಅವಳ ಬಾಯಲ್ಲಿ "ರೀ" ಬಿಟ್ಟು ಅವನು ಬೇರೇನೂ ಕೇಳಿರಲಿಲ್ಲ. ಕೈಯಲ್ಲಿದ್ದ, ಚಕ್ರದ ಕಡ್ಡಿ ಬಿಗಿಯುವ ಸ್ಪೋಕ್ ಕೀ ಎಲ್ಲಿ ಬಿತ್ತೋ ನೋಡಲಿಲ್ಲ.

"ಯಾರ ಮನೆ?" ಅಂದ, ಹೇಗೋ.

"ಸೈಕಲ್ ರಿಪೇರಿಯವರ ಮನೆ. ಬೇಗ ಹೋಗಬೇಕಣ್ಣ. ನಮ್ಮ ಮನೆಯವರು ಒಂಥರಾ. ನಾನು ತಡ ಮಾಡಿದ್ರೆ ಊಟ ಬಿಟ್ಟು ಹಾಗೇ ಕೂತಿರ್ತಾರೆ."

ಇದೇ ಕಣೇ ಮನೆ, ನಾನೇ ಕಣೇ ಅವನು ಅನ್ನಬಹುದಿತ್ತು. ಆದರೆ ಅವಳ ಮುಖದಲ್ಲಿ ಆಗಲೇ ಹೆದರಿಕೆ ಕಾಣಿಸಿತ್ತು. ಗುರುತಿಲ್ಲದ ಗಂಡಸೊಬ್ಬ ನಾನೇ ನಿನ್ನ ಗಂಡ ಅಂದರೆ ಅವಳು ಯಾವ ದಿಕ್ಕಿಗೆ ಓಡುತ್ತಾಳೋ. ಒಂದು ಸುತ್ತು ಹಾಕಿ ಬಂದರೆ ಗುರುತು ಸಿಕ್ಕೀತು ಅಂತ ಅವನು ತನ್ನ ಸೈಕಲ್ ತೆಗೆದ.

"ನನಗೆ ಗೊತ್ತಿದೆ. ಬನ್ನಿ, ತೋರಿಸ್ತೀನಿ."

ಹೆಂಡತಿಗೆ ಬನ್ನಿ ಅಂದದ್ದು ಅದೇ ಮೊದಲು. ಇಬ್ಬರೂ ಹಿನ್ನೀರಿನ ಸುತ್ತ ಹೊರಟರು. ಅರ್ಧ ದಾರಿಯವರೆಗೆ ಬಾಣಗಳೆಲ್ಲ ಎದುರಿನಿಂದ ವಾಪಸ್ ಹೋಗು, ವಾಪಸ್ ಹೋಗು ಅನ್ನುತ್ತಿದ್ದವು. ಅವನು ನೋಡಲಿಲ್ಲ. "ಬಾಯ್ಮುಚ್ಚು" ತಿರುವಿನಲ್ಲಿ ಅವಳು ತುಟಿಯ ಮೇಲೆ ಬೆರಳಿಟ್ಟು, ಸುಮ್ಮನೆ ಬರುವಂತೆ ಅವನಿಗೆ ಸನ್ನೆ ಮಾಡಿದಳು. "ಅತ್ತೆ ಮುನಿಸು" ಏರಿನಲ್ಲಿ ಇಳಿದು ಸೈಕಲ್ ತಳ್ಳುವಾಗ ಅವಳಿಗೆ ನಗು ಬಂತು. "ಇದಕ್ಕೆ ನಾನೇ ಹೆಸರಿಟ್ಟಿದ್ದು. ಅವರಮ್ಮನ್ನ ಅಂದೆ ಅಂತ ಕೋಪ ಮಾಡ್ಕೋತಾರೆ ಅಂದ್ಕೊಂಡಿದ್ದೆ. ನಕ್ಕುಬಿಟ್ರು."

"ಒಳ್ಳೆಯವರಾ ನಿಮ್ಮ ಮನೆಯವರು?"

"ಮಾತು ಕಮ್ಮಿ. ಕೈಯೆಲ್ಲ ಗ್ರೀಸು, ಮನೇಲಿ ಒಂದು ಟವೆಲ್ಲು ಬೆಳ್ಳಗಿಲ್ಲ. ಆದ್ರೆ ನನ್ನ ಸೈಕಲ್ ಮುಟ್ಟೋಕೆ ಬೇರೆ ಯಾರನ್ನೂ ಬಿಡಲ್ಲ." ಆಮೇಲೆ ಅವನ ಕೈ ನೋಡಿ, "ನಿಮ್ಮದೂ ಅದೇ ಕೆಲಸವಾ?" ಅಂದಳು.

"ಹೂಂ, ಅದೇ."

"ಹಾಗಾದ್ರೆ ಅವರು ನಿಮಗೆ ಗೊತ್ತಿರಬೇಕು."

ಅವನು ಮುಂದೆ ನೋಡುತ್ತ ಸೈಕಲ್ ತಳ್ಳಿದ. ಕಣ್ಣೀರು ಒರೆಸಿಕೊಂಡರೆ ಮುಖಕ್ಕೆಲ್ಲ ಗ್ರೀಸು ಮೆತ್ತಿಕೊಳ್ಳುತ್ತಿತ್ತು, ಅದಕ್ಕೆ ಒರೆಸಿಕೊಳ್ಳಲೂ ಇಲ್ಲ.

ಜಲಾಶಯವನ್ನು ಪೂರ್ತಿ ಸುತ್ತಿ, ಆ ಕಡೆಯ ತಿರುವಿನಿಂದ ಅದೇ ಗೇಟಿಗೆ ಬಂದು ನಿಂತಾಗ ಸಂಜೆಯ ಬಿಸಿಲು ಗೋಡೆಯ ಮೇಲಿತ್ತು. ಈ ಸಲ ಅವಳ ಮುಖ ಅರಳಿತು. "ಅಗೋ, ಬಂದೇಬಿಡ್ತು" ಅಂದಳು. ಇಳಿದು ಗೇಟು ತೆಗೆದು, ಸೈಕಲ್ಲನ್ನು ಯಾವಾಗಲೂ ಒರಗಿಸುವ ಜಾಗದಲ್ಲೇ ಒರಗಿಸಿ, ಪೆಡಲ್ಲನ್ನು ಗೋಡೆಗೆ ತಾಗಿಸಿ ನಿಲ್ಲಿಸಿದಳು. ಅವನೂ ಒಳಗೆ ಹೆಜ್ಜೆ ಇಡಲು ಹೊರಟಾಗ ಗೇಟಿಗೆ ಕೈ ಅಡ್ಡ ಇಟ್ಟು ತಿರುಗಿದಳು.

"ತುಂಬ ಉಪಕಾರ ಆಯ್ತಣ್ಣ. ನೀವಿನ್ನು ಹೊರಡಿ. ನಿಮ್ಮ ಮನೇಲೂ ಕಾಯ್ತಾ ಇರ್ತಾರೆ."

ಗೇಟು ಹಾಕಿಕೊಂಡಳು. ಚಿಲಕ ಹಾಕಿದ ಸದ್ದಾಯಿತು. ಅವನು ಸೈಕಲ್ ಹಿಡಿದುಕೊಂಡು ಹೊರಗೇ ನಿಂತ. ಒಳಗೆ ದೀಪ ಹತ್ತಿತು, ತಟ್ಟೆ ಇಡುವ ಸದ್ದು ಕೇಳಿಸಿತು. ಒಂದು, ಅದರ ಪಕ್ಕಕ್ಕೆ ಇನ್ನೊಂದು.

"ರೀ, ಬಂದೆ ಕಣ್ರೀ. ಎಲ್ಲಿದ್ದೀರಿ?"

"ಇಲ್ಲೇ ಇದ್ದೀನಿ ಕಣೇ" ಅಂದ ಅವನು, ಗೇಟಿನ ಹೊರಗಿನಿಂದ.

ಅವಳಿಗೆ ಕೇಳಿಸಲಿಲ್ಲವೇನೋ. ಮತ್ತೆ ಕರೆದಳು.