ಕಣ್ಣಿಗೆ ಕೇಳಿಸುತ್ತಿದ್ದ ಮಾತು

ಮಗ್ಗದ ಮನೆಯಲ್ಲಿ ಯಾರೂ ಕೂಗಿ ಮಾತಾಡುವುದಿಲ್ಲ. ನಾಲ್ಕು ಪವರ್‌ಲೂಮು ಒಟ್ಟಿಗೆ ಓಡುವಾಗ ಕೂಗಿದರೂ ಉಪಯೋಗವಿಲ್ಲ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ನೇಯುವವರೆಲ್ಲ ಬರೀ ತುಟಿ ಆಡಿಸುತ್ತೇವೆ. ಈ ಕಡೆ ನಾನು, ಆ ಕಡೆ ನನ್ನ ಹೆಂಡತಿ, ಮಧ್ಯೆ ಲಾಳಿಗಳ ಗಲಾಟೆ. ಊಟದ ವಿಚಾರ, ಜಗಳ, ರಾಜಿ ಎಲ್ಲ ಹಾಗೇ ಮುಗಿದುಹೋಗುತ್ತವೆ. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವಳು ಹಂಗಿಸುವುದೂ ಅಲ್ಲೇ.

ಹೋದ ವರ್ಷ ಅವಳ ಹೊಸ ದೂರು ಶುರುವಾಯಿತು. ಅಡುಗೆಮನೆಯಿಂದ ಕರೆದರೆ ನಾನು ಓಗೊಡುವುದಿಲ್ಲವಂತೆ.

“ನಂಗೆ ಕಿವುಡು ಅಂತೀಯಾ? ಪಕ್ಕದ ಮನೆ ಮಗ್ಗದ ಸದ್ದು ಚೂರು ಬದಲಾದ್ರೂ ನಂಗೆ ಗೊತ್ತಾಗುತ್ತೆ,” ಎಂದೆ.

“ಮಗ್ಗ ಕೇಳುತ್ತೆ, ಹೆಂಡ್ತಿ ಕೇಳಲ್ಲ. ನಡೀರಿ, ಟೆಸ್ಟ್ ಮಾಡಿಸ್ಕೊಂಡ್ ಬರಾಣ.”

ಬೆಳಿಗ್ಗೆಯೆಲ್ಲ ಮಗ್ಗ ಓಡಿಸಿ ಹಾಗೇ ಹೋದೆವು. ಕಿವಿ ಪರೀಕ್ಷೆ ಮಾಡುವ ಹುಡುಗಿ ನನ್ನನ್ನು ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಒತ್ತಲು ಒಂದು ಗುಂಡಿ ಕೊಟ್ಟಳು. ಮಗ್ಗ ನಿಂತ ಮೇಲೂ ನನ್ನ ಕಿವಿಯಲ್ಲಿ ಒಂದು ಗುಂಯ್ ಉಳಿದಿರುತ್ತದೆ. ಕೇಳುತ್ತಿರುವುದು ಯಂತ್ರದ ಸದ್ದೋ ನನ್ನದೋ ತಿಳಿಯದೆ ಸುಮ್ಮಸುಮ್ಮನೆ ಒತ್ತಿದೆ. ಕೊನೆಗೆ ಬಂದ ಕಾಗದದಲ್ಲಿ ಒಂದು ಗೆರೆ; ಅದರ ಎಡತುದಿ ದಪ್ಪ ಸದ್ದಿಗೆ, ಬಲತುದಿ ಕೀರಲು ಸದ್ದಿಗೆ. ಗೆರೆ ಕೆಳಗಿಳಿದಷ್ಟೂ ಕಿವಿ ಮಂದ ಎಂದು ಅರ್ಥವಂತೆ. ನನ್ನ ಗೆರೆ ಎಡದಲ್ಲಿ ನೆಟ್ಟಗಿದ್ದು, ಬಲಕ್ಕೆ ಹೋಗುತ್ತಾ ಬಾವಿಗೆ ಬಿದ್ದಿತ್ತು.

“ಇದನ್ನ ಪೂರ್ತಿ ನಂಬಕ್ಕಾಗಲ್ಲ ಸರ್,” ಎಂದಳು ಹುಡುಗಿ. “ಮಗ್ಗದ ಹತ್ರದಿಂದ ಸೀದಾ ಬಂದಿದೀರ, ಕಿವಿ ದಣಿದಿರುತ್ತೆ. ಗುಗ್ಗೆನೂ ತುಂಬಿದೆ. ಡಾಕ್ಟ್ರ ಹತ್ರ ತೆಗೆಸಿ, ಎರಡು ದಿನ ಸದ್ದಿಂದ ದೂರ ಇದ್ದು ಬನ್ನಿ.”

ಆ ‘ನಂಬಕ್ಕಾಗಲ್ಲ’ ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಗುಗ್ಗೆ ತೆಗೆಸಿದೆ, ಮಗ್ಗ ನಿಲ್ಲಿಸಿದೆ. ತಪ್ಪು ಗುಗ್ಗೆಯದು, ನನ್ನ ಕಿವಿಯದಲ್ಲ ಎಂದು ಹೆಂಡತಿಗೆ ಹೇಳಿದ್ದೇ ಹೇಳಿದ್ದು.

ಎರಡನೇ ಸಲ ಗೆರೆ ಕೊಂಚ ಮೇಲೆ ಬಂತು, ಅಷ್ಟೇ. ಬಾವಿ ಹಾಗೇ ಇತ್ತು. ಆಮೇಲೆ ಹುಡುಗಿ ಗಾಜಿನಾಚೆ ಕೂತು ಮೈಕಿನಲ್ಲಿ ಪದಗಳನ್ನು ಹೇಳಿದಳು; ನಾನು ತಿರುಗಿ ಹೇಳಬೇಕು. ಹಾಲು, ತಟ್ಟೆ, ಬಾಗಿಲು. ಒಂದೂ ತಪ್ಪಲಿಲ್ಲ. ಅವಳ ಹಿಂದೆ ಕೂತಿದ್ದ ಹೆಂಡತಿಯನ್ನು ಗತ್ತಿನಿಂದ ನೋಡಿದೆ. ಹುಡುಗಿ ಗೆರೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಒಂದು ಕಾಗದ ಎತ್ತಿ ಬಾಯಿಗೆ ಅಡ್ಡ ಹಿಡಿದಳು.

ದನಿ ಬಂತು. ‘ಬೇರೆ’ ಎಂದೆ. ಅವಳು ಹೇಳಿದ್ದು ‘ಸೀರೆ’. ಜೀವಮಾನವೆಲ್ಲ ನಾನು ನೇಯ್ದದ್ದು ಅದನ್ನೇ.

“ಇಷ್ಟೊತ್ತು ತುಟಿ ನೋಡ್ಕೊಂಡು ಹೇಳ್ತಿದ್ರಿ ಸರ್. ಸ, ಶ ಥರದ ಸಣ್ಣ ಸದ್ದು ನಿಮ್ಗೆ ಸಿಗ್ತಾ ಇಲ್ಲ. ಹೋಗಿರೋದು ವಾಪಸ್ ಬರಲ್ಲ. ಕಿವಿಗೆ ಮಿಷನ್ ಹಾಕ್ಕೊಂಡ್ರೆ ಅನುಕೂಲ ಆಗುತ್ತೆ, ಆದ್ರೆ ಮೊದ್ಲಿನ ಹಾಗಾಗಲ್ಲ.”

ನನಗೆ ಕೋಪ ಬರಬೇಕಿತ್ತು. ಯಾರ ಮೇಲೆ ಮಾಡಿಕೊಳ್ಳಲಿ? ಅನ್ನ ಹಾಕಿದ ಮಗ್ಗದ ಮೇಲೋ, ಪಾಪದ ಆ ಹುಡುಗಿಯ ಮೇಲೋ? ದಾರಿಯುದ್ದಕ್ಕೂ ಒಂದೇ ಯೋಚನೆ: ಹೆಂಡತಿಯ ಮಾತನ್ನು ನಾನು ಯಾವಾಗಿನಿಂದ ಕೇಳದೆ ಬರೀ ನೋಡುತ್ತಿದ್ದೇನೆ?

ಮನೆಗೆ ಬಂದವನೇ ಅವಳನ್ನು ಒಲೆಯ ಕಡೆ ತಿರುಗಿಸಿ ನಿಲ್ಲಿಸಿದೆ.

“ಈ ಕಡೆ ತಿರುಗ್ಬೇಡ ಕಣೇ. ಏನಾದ್ರೂ ಹೇಳು.”

ಸುಮಾರು ಹೊತ್ತು ಹೇಳಿದಳು. ದನಿ ಅವಳದೇ, ಒಂದು ಮಾತೂ ಬಿಡಿಯಾಗಿ ಸಿಗಲಿಲ್ಲ. ಭುಜ ಮೆಲ್ಲಗೆ ಅಲುಗುತ್ತಿತ್ತು.

“ಇನ್ನೊಂದ್ಸಲ ಹೇಳು,” ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗಿ, ಮಗ್ಗದ ಮನೆಯಲ್ಲಿ ಆಡಿಸುವಂತೆ ತುಟಿ ಬಿಡಿಸಿ ಹೇಳಿದಳು: “ಏನಿಲ್ಲ ಬಿಡ್ರಿ. ಅನ್ನಕ್ಕೆ ಇಡ್ಲಾ ಅಂದೆ.”

ಅಷ್ಟು ಹೊತ್ತು ಅವಳು ಹೇಳಿದ್ದು ಅದೊಂದೇ ಮಾತಲ್ಲ ಎಂದು ನನಗೆ ಗೊತ್ತಿತ್ತು. ಹೂಂ, ಇಡು ಎಂದೆ.